ಪಾಸ್‌ಬುಕ್ಕಿನ 35 ರೂಪಾಯಿ 40 ಪೈಸೆ

ಕಳೆದ ದೀಪಾವಳಿಗೆ ಅರಸೀಕೆರೆಗೆ ಹೋದಾಗ ಚಿಕ್ಕಮ್ಮ ಅಡುಗೆಮನೆ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದಿಟ್ಟರು. ಒಳಗೆ ಆಧಾರ್ ಜೆರಾಕ್ಸು, ರೇಷನ್ ಕಾರ್ಡು, ಅವುಗಳ ನಡುವೆ ಬೆನ್ನು ಹರಿದ ಪಾಸ್‌ಬುಕ್ಕು. "ನೋಡಪ್ಪ, ತಿಂಗಳು ತಿಂಗಳು ಯಾರೋ ನನ್ನ ದುಡ್ಡು ತಿಂತಾವ್ರೆ" ಎಂದರು.

ಚಿಕ್ಕಮ್ಮ ಬ್ಲೌಸ್ ಹೊಲಿಯುತ್ತಾರೆ. ಖಾತೆಯಲ್ಲಿ ಎಂಟುನೂರೋ ಸಾವಿರದ ಚಿಲ್ಲರೆಯೋ ಇರುತ್ತದೆ. ಗೃಹಲಕ್ಷ್ಮಿ ಬಂದ ವಾರ ಸ್ವಲ್ಪ ಏರುತ್ತದೆ, ಆಮೇಲೆ ಮತ್ತೆ ಅಲ್ಲಿಗೇ ಇಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಕೊಂಡಿತ್ತು. ಎಂಟ್ರಿಗಳ ಹೆಸರೆಲ್ಲ ಅರ್ಧಕ್ಕೇ ಕತ್ತರಿಸಿಹೋಗಿದ್ದವು. ಓದಲು ಬಂದಿದ್ದು ಅಂಕಿಗಳು ಮಾತ್ರ. 35.40. ಮುಂದಿನ ತಿಂಗಳು ಮತ್ತೆ 35.40. ನಡುವೆ 17.70. ಇನ್ನೊಂದು ಪುಟದಲ್ಲಿ 177.00, ಅದರ ಕೆಳಗೆ 27.14. ಮೇ ತಿಂಗಳ ಕೊನೆಯಲ್ಲಿ 20.00 ಮತ್ತು 436.00.

ನಾನು ಬ್ಯಾಂಕಿನವನಲ್ಲ. ಆದರೆ ಮನೆಮಂದಿಯ ಪಾಸ್‌ಬುಕ್ ನೋಡಿ ನೋಡಿ ಒಂದು ಉಪಾಯ ಕಲಿತಿದ್ದೇನೆ. ಬ್ಯಾಂಕು ಹಾಕುವ ಶುಲ್ಕದ ಮೇಲೆ 18% ಜಿಎಸ್‌ಟಿ ಇರುತ್ತದೆ. ಹಾಗಾಗಿ ಯಾವುದಾದರೂ ವಿಚಿತ್ರ ಮೊತ್ತ ಕಂಡರೆ ಅದನ್ನು 1.18ರಿಂದ ಭಾಗಿಸಿ. ಚಿಲ್ಲರೆ ಇಲ್ಲದ ಅಂಕಿ ಬಂದರೆ ಹೆಚ್ಚುಕಡಿಮೆ ಅದು ಬ್ಯಾಂಕಿನ ಕೆಲಸವೇ. 35.40 ಎಂದರೆ 30 ರೂಪಾಯಿ, ಮಿನಿಮಂ ಬ್ಯಾಲೆನ್ಸ್ ಇಡದಿದ್ದಕ್ಕೆ ದಂಡ. 17.70 ಎಂದರೆ 15, ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಶುಲ್ಕ. 177 ಎಂದರೆ 150, ಎಟಿಎಂ ಕಾರ್ಡಿನ ವರ್ಷದ ಶುಲ್ಕ. 27.14 ಎಂದರೆ 23. ಚಿಕ್ಕಮ್ಮನ ಮಗ ಆ ತಿಂಗಳು ಬೇರೆ ಬ್ಯಾಂಕಿನ ಎಟಿಎಂನಲ್ಲಿ ನೂರು, ಇನ್ನೂರು ಎಂದು ಆರು ಸಲ ತೆಗೆದಿದ್ದ. ಅರಸೀಕೆರೆಯಂಥ ಊರಿನಲ್ಲಿ ಬೇರೆ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ 5 ಸಲ ಉಚಿತ. ಬೆಂಗಳೂರಿನಲ್ಲಾದರೆ 3 ಸಲ ಮಾತ್ರ. ಬ್ಯಾಲೆನ್ಸ್ ಎಷ್ಟಿದೆ ಎಂದು ನೋಡಿದ್ದೂ ಒಂದು ಸಲಕ್ಕೆ ಲೆಕ್ಕ. ಉಚಿತದ ಮಿತಿ ದಾಟಿದ ಮೇಲೆ ದುಡ್ಡು ತೆಗೆದರೆ ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು ಎಂದು 2025ರ ಮೇ 1ರಿಂದ ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಮುಂಚೆ 21 ಇತ್ತು.

ಉಳಿದ 20 ಮತ್ತು 436 ಭಾಗಿಸಿದರೆ ಸರಿಹೋಗುವುದಿಲ್ಲ. ಅವು ಬ್ಯಾಂಕಿನ ಶುಲ್ಕವೇ ಅಲ್ಲ. 20 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾದ ಅಪಘಾತ ವಿಮೆ, 436 ಜೀವನ್ ಜ್ಯೋತಿ ಬಿಮಾದ ಜೀವ ವಿಮೆ. ಎರಡರಲ್ಲೂ ಎರಡು ಲಕ್ಷದ ರಕ್ಷಣೆ ಇದೆ. ಯಾವತ್ತೋ ಕೌಂಟರಿನಲ್ಲಿ ಫಾರಂಗೆ ಸಹಿ ಹಾಕಿರುತ್ತೇವೆ, ಮರೆತಿರುತ್ತೇವೆ, ಅದು ವರ್ಷ ವರ್ಷ ತಾನಾಗಿ ಕಟ್ ಆಗುತ್ತಿರುತ್ತದೆ. ಜನ "ಬ್ಯಾಂಕು ನುಂಗಿತು" ಎಂದು ಬೈಯುವ ಮೊತ್ತದಲ್ಲಿ ಇದೂ ಸೇರಿರುತ್ತದೆ. ಬ್ಯಾಂಕಿನ ಮೇಲೆ ನನಗೇನು ಅಂಥ ಪ್ರೀತಿ ಇಲ್ಲ, ಆದರೆ ಲೆಕ್ಕ ಲೆಕ್ಕವೇ ಅಲ್ವಾ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದುಡ್ಡು ನಮ್ಮದು, ಅದನ್ನು ಇಟ್ಟುಕೊಂಡು ಸಾಲ ಕೊಟ್ಟು ಬಡ್ಡಿ ತಿನ್ನುವವರು ಅವರು. ಮತ್ತೆ ನಮ್ಮ ಕೈಯಿಂದಲೇ ಶುಲ್ಕ ಯಾಕೆ?

ಬ್ಯಾಂಕಿನ ಕಡೆಯಿಂದ ಒಂದು ಲೆಕ್ಕ ಹಾಕಿ ನೋಡಿ. ನೀವು ವರ್ಷವಿಡೀ 10,000 ರೂಪಾಯಿ ಎಸ್‌ಬಿ ಅಕೌಂಟಿನಲ್ಲಿ ಇಟ್ಟಿದ್ದೀರಿ. ಅದರಲ್ಲಿ 3%, ಎಂದರೆ 300 ರೂಪಾಯಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕು. 2025ರ ಕೊನೆಗೆ ಇದ್ದ ಪ್ರಮಾಣ ಇದು. ಅದಕ್ಕೆ ಬಡ್ಡಿ ಇಲ್ಲ. ಇನ್ನು 18%, 1,800 ರೂಪಾಯಿಯಷ್ಟು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಹೋಗುತ್ತದೆ. ಅದಕ್ಕೆ ಆರೂವರೆ ಪರ್ಸೆಂಟ್ ಸಿಕ್ಕಿತು ಎಂದಿಟ್ಟುಕೊಳ್ಳಿ, 117 ರೂಪಾಯಿ. ಉಳಿದ 7,900ನ್ನು ಒಂಬತ್ತು ಪರ್ಸೆಂಟಿಗೆ ಸಾಲ ಕೊಟ್ಟರೆ 711. ಒಟ್ಟು 828. ಇದರಲ್ಲಿ ನಿಮಗೆ ಎರಡೂವರೆ ಪರ್ಸೆಂಟ್ ಬಡ್ಡಿ ಎಂದು 250 ಕೊಟ್ಟರೆ 578 ಉಳಿಯಿತು. ಈ 578ರಲ್ಲಿ ಶಾಖೆಯ ಬಾಡಿಗೆ, ಕ್ಯಾಷಿಯರ್ ಸಂಬಳ, ಸರ್ವರ್ ಖರ್ಚು, ವಾಪಸ್ ಬಾರದ ಸಾಲ ಎಲ್ಲ ನಡೆಯಬೇಕು. ಇದು ಅಂದಾಜಿನ ಲೆಕ್ಕ, ಒಂದೊಂದು ಬ್ಯಾಂಕಿಗೆ ಒಂದೊಂದು ಥರ ಇರುತ್ತದೆ. ಆದರೆ ವಿಷಯ ಅರ್ಥವಾಗಲು ಸಾಕು.

ಈಗ 10,000ದ ಜಾಗದಲ್ಲಿ 500 ರೂಪಾಯಿ ಇಡಿ. ಅದೇ ಲೆಕ್ಕದಲ್ಲಿ ಬ್ಯಾಂಕಿಗೆ ಇಡೀ ವರ್ಷಕ್ಕೆ ಉಳಿಯುವುದು 29 ರೂಪಾಯಿ. ನೀವು ಬೇರೆ ಬ್ಯಾಂಕಿನ ಎಟಿಎಂಗೆ ಹೋಗಿ ಒಂದು ಸಲ "ಉಚಿತವಾಗಿ" ದುಡ್ಡು ತೆಗೆದರೆ ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ 19 ರೂಪಾಯಿ ಕೊಡಬೇಕು. ಎರಡು ಸಲ ತೆಗೆದರೆ 38. ಅಲ್ಲಿಗೆ ನಿಮ್ಮ ಖಾತೆ ಬ್ಯಾಂಕಿಗೆ ನಷ್ಟದ ಬಾಬತ್ತಾಯಿತು.

ಇದರ ಜೊತೆಗೆ ಯುಪಿಐ ಸೇರಿಸಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಜಾಸ್ತಿ ಯುಪಿಐ ವ್ಯವಹಾರ ನಡೆದಿವೆ. ಸೊಪ್ಪಿನವಳಿಗೆ ಹತ್ತು ರೂಪಾಯಿ, ಆಟೋದವನಿಗೆ ನಲವತ್ತು, ಎಲ್ಲವೂ ಒಂದೊಂದು ಎಂಟ್ರಿ. 2020ರ ಜನವರಿ 1ರಿಂದ ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿನ ಮೇಲೆ ಅಂಗಡಿಯವರಿಂದ ಕಮಿಷನ್ ತಗೊಳ್ಳುವ ಹಾಗಿಲ್ಲ. ಸರ್ಕಾರ ಪ್ರೋತ್ಸಾಹಧನ ಎಂದು ಸ್ವಲ್ಪ ಕೊಡುತ್ತದೆ, ಬ್ಯಾಂಕುಗಳಿಗೆ ಅದು ಸಾಲದು. ಯಂತ್ರ ಓಡಿಸುವ ಖರ್ಚು ಅವರದು, ಅಂಗಡಿಯವರಿಂದ ಆದಾಯ ಸೊನ್ನೆ. ಹಾಗಾಗಿ ಎಲ್ಲಿ ಶುಲ್ಕ ಹಾಕಲು ಬಿಟ್ಟಿದ್ದಾರೋ ಅಲ್ಲಿ ಹಾಕುತ್ತಾರೆ.

ಇಷ್ಟು ಕೇಳಿದ ಮೇಲೆ ಬ್ಯಾಂಕಿನ ಮೇಲೆ ಕನಿಕರ ಹುಟ್ಟಿದರೆ ಸ್ವಲ್ಪ ತಡೆಯಿರಿ. ಮಿನಿಮಂ ಬ್ಯಾಲೆನ್ಸ್ ಎನ್ನುವುದು ಸುಮ್ನೆ ಒಂದು ಷರತ್ತಲ್ಲ, ಅದೇ ಒಂದು ಶುಲ್ಕ. 10,000 ರೂಪಾಯಿಯನ್ನು ಮುಟ್ಟದೆ ಬಿಡಬೇಕು ಎನ್ನುತ್ತಾರೆ. ಆ ದುಡ್ಡನ್ನೇ ಎಫ್‌ಡಿ ಮಾಡಿ ಆರೂವರೆ ಪರ್ಸೆಂಟ್ ಸಿಕ್ಕರೆ ವರ್ಷಕ್ಕೆ 650 ಬರುತ್ತಿತ್ತು. ಇಲ್ಲಿ ಬರುವುದು 250. ವ್ಯತ್ಯಾಸ 400 ರೂಪಾಯಿ, ತಿಂಗಳಿಗೆ 33. "ನಮ್ಮ ಬ್ಯಾಂಕಿನಲ್ಲಿ ತಿಂಗಳ ಶುಲ್ಕ ಇಲ್ಲ" ಎಂದು ಹೇಳಿಕೊಳ್ಳುವವರು ಈ 33 ರೂಪಾಯಿ ತಗೊಳ್ಳುತ್ತಲೇ ಇದ್ದಾರೆ. ಪಾಸ್‌ಬುಕ್ಕಿನಲ್ಲಿ ಅದು ಅಚ್ಚಾಗುವುದಿಲ್ಲ, ಅಷ್ಟೇ. ಬಾಡಿಗೆ ಮನೆಯ ಅಡ್ವಾನ್ಸ್ ಇದ್ದ ಹಾಗೆ. ಓನರ್ ಅದನ್ನು ವಾಪಸ್ ಕೊಡುತ್ತಾನೆ ನಿಜ, ಅಲ್ಲಿಯವರೆಗೆ ಅದರ ಬಡ್ಡಿ ಅವನದು.

ಇದನ್ನೇ ಬಾಯಿಬಿಟ್ಟು ಹೇಳಿದ ಒಂದು ಉದಾಹರಣೆಯೂ ಇದೆ. 2023ರಲ್ಲಿ ಆಕ್ಸಿಸ್ ಬ್ಯಾಂಕ್ ಇನ್ಫಿನಿಟಿ ಎನ್ನುವ ಉಳಿತಾಯ ಖಾತೆ ತಂದಿತು. ಮಿನಿಮಂ ಬ್ಯಾಲೆನ್ಸ್ ಇಲ್ಲ, ದೇಶದೊಳಗಿನ ಮಾಮೂಲಿ ಸೇವೆಗಳಿಗೆ ಬೇರೆ ಶುಲ್ಕ ಇಲ್ಲ. ಬದಲಿಗೆ ತಿಂಗಳಿಗೆ 150 ರೂಪಾಯಿ, ಇಲ್ಲವೇ ವರ್ಷಕ್ಕೆ 1,650. ಓಟಿಟಿ ಚಂದಾ ಕಟ್ಟಿದ ಹಾಗೆ. 150 ಜಾಸ್ತಿಯಾಯಿತು ಎಂದೇ ನನ್ನ ಅನಿಸಿಕೆ. ಆದರೆ ಎಷ್ಟು ಹೋಗುತ್ತಿದೆ ಎಂದು ಮುಂಚೆಯೇ ಗೊತ್ತಿರುತ್ತದಲ್ಲ, ಅದು ನನಗೆ ಇಷ್ಟವಾಯಿತು.

ಇಂಗ್ಲೆಂಡಿನಲ್ಲಿರುವ ನಮ್ಮವರನ್ನು ಕೇಳಿದರೆ "ಇಲ್ಲಿ ಕರೆಂಟ್ ಅಕೌಂಟಿಗೆ ಶುಲ್ಕವೇ ಇಲ್ಲಪ್ಪ" ಎನ್ನುತ್ತಾರೆ. ಮೊದಲು ಒಂದು ಮಾತು. ನಮ್ಮಲ್ಲಿ ಕರೆಂಟ್ ಅಕೌಂಟ್, ಚಾಲ್ತಿ ಖಾತೆ ಎಂದರೆ ಅಂಗಡಿ, ವ್ಯಾಪಾರದವರದು. ಅವರಲ್ಲಿ ಸಂಬಳ ಬೀಳುವ, ದಿನಸಿಗೆ ದುಡ್ಡು ಹೋಗುವ ಮಾಮೂಲಿ ಖಾತೆಗೇ ಆ ಹೆಸರು. 1984ರಲ್ಲಿ ಮಿಡ್‌ಲ್ಯಾಂಡ್ ಬ್ಯಾಂಕ್, ಖಾತೆ ಮೈನಸ್‌ಗೆ ಹೋಗದಿದ್ದರೆ ಯಾವ ಶುಲ್ಕವೂ ಇಲ್ಲ ಎಂದು ಘೋಷಿಸಿತು. ಗಿರಾಕಿಗಳು ಅಲ್ಲಿಗೆ ಓಡಿದರು. ಉಳಿದ ದೊಡ್ಡ ಬ್ಯಾಂಕುಗಳು ಬೇರೆ ದಾರಿ ಇಲ್ಲದೆ ಹಿಂದೆಯೇ ಬಂದವು. ಆವತ್ತಿನಿಂದ ಅಲ್ಲಿಯ ಜನರಿಗೆ ಬ್ಯಾಂಕ್ ಖಾತೆ ಎಂದರೆ ಪುಕ್ಕಟೆ ಎನ್ನುವುದು ರೂಢಿಯಾಗಿಬಿಟ್ಟಿದೆ.

ಪುಕ್ಕಟೆ ಯಾರಿಗೆ? ಖಾತೆಯಲ್ಲಿ ದುಡ್ಡು ಇರುವವರಿಗೆ. ಸಂಬಳಕ್ಕೆ ಎರಡು ದಿನ ಮುಂಚೆ ಹತ್ತು ಪೌಂಡ್ ಮೈನಸ್‌ಗೆ ಹೋದವರಿಗೆ ಬ್ಯಾಂಕುಗಳು ದೊಡ್ಡ ದಂಡ ಹಾಕುತ್ತಿದ್ದವು. ಲಕ್ಷಾಂತರ ಜನ ತಿರುಗಿಬಿದ್ದರು. ಅಲ್ಲಿಯ ನ್ಯಾಯಯುತ ವ್ಯಾಪಾರದ ಕಚೇರಿ ಈ ದಂಡ ನ್ಯಾಯವೇ ಎಂದು ಪರಿಶೀಲಿಸಲು ಹೊರಟಿತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2009ರ ನವೆಂಬರ್‌ನಲ್ಲಿ ಬ್ಯಾಂಕುಗಳು ಗೆದ್ದವು. ಗ್ರಾಹಕ ಪಡೆಯುವ ಇಡೀ ಸೇವೆಗೆ ತೆರುವ ಬೆಲೆಯಲ್ಲೇ ಈ ಶುಲ್ಕವೂ ಸೇರಿದೆ, ಬೆಲೆ ಹೆಚ್ಚಾಯಿತು ಎಂಬ ಕಾರಣಕ್ಕೆ ಅದನ್ನು ಪ್ರಶ್ನಿಸಲು ಬರುವುದಿಲ್ಲ ಎಂಬ ಧಾಟಿಯ ತೀರ್ಪು ಅದು. ಬ್ಯಾಂಕುಗಳು ಗೆದ್ದ ವಾದದಲ್ಲೇ ನಿಜ ಹೊರಬಿತ್ತು. ಎಲ್ಲರ ಉಚಿತ ಖಾತೆಗೆ ದುಡ್ಡು ತೆರುತ್ತಿದ್ದವರಲ್ಲಿ ಮೈನಸ್‌ಗೆ ಜಾರಿದವರ ಪಾಲು ದೊಡ್ಡದಿತ್ತು. ಕೊನೆಗೆ 2020ರ ಏಪ್ರಿಲ್‌ನಲ್ಲಿ ಅಲ್ಲಿಯ ನಿಯಂತ್ರಕರು ಇಂಥ ನಿಗದಿತ ದಂಡ ನಿಲ್ಲಿಸಿ, ಬಡ್ಡಿ ಮಾತ್ರ ಹಾಕಿ ಎಂದರು. ಬ್ಯಾಂಕುಗಳು ಬಡ್ಡಿಯನ್ನೇ ನಲವತ್ತು ಪರ್ಸೆಂಟ್ ಆಸುಪಾಸಿಗೆ ಒಯ್ದವು.

ಜರ್ಮನಿಯ ಕಥೆ ಇನ್ನೊಂದು ಥರ. 2014ರಿಂದ 2022ರವರೆಗೆ ಯೂರೋಪಿನ ಕೇಂದ್ರ ಬ್ಯಾಂಕು ಬ್ಯಾಂಕುಗಳ ಠೇವಣಿಗೆ ಬಡ್ಡಿ ಕೊಡುವ ಬದಲು ತಾನೇ ಕತ್ತರಿಸುತ್ತಿತ್ತು. ಜನರ ದುಡ್ಡು ಇಟ್ಟುಕೊಂಡರೆ ಲಾಭವೇ ಇಲ್ಲ ಎಂದಾದಾಗ ಅಲ್ಲಿಯ ಎಷ್ಟೋ ಬ್ಯಾಂಕುಗಳು ಮಾಮೂಲಿ ಖಾತೆಗೆ ತಿಂಗಳ ಶುಲ್ಕ ಹಾಕಿದವು, ಮೊದಲೇ ಶುಲ್ಕ ಹಾಕುತ್ತಿದ್ದವರು ಅದನ್ನು ಏರಿಸಿದರು. ಹೇಗೆ ಏರಿಸುತ್ತಿದ್ದರು ಗೊತ್ತಾ? ಒಂದು ಪತ್ರ ಕಳಿಸುವುದು, ನೀವು ಎರಡು ತಿಂಗಳು ಸುಮ್ಮನಿದ್ದರೆ ಒಪ್ಪಿದ್ದೀರಿ ಎಂದುಕೊಳ್ಳುವುದು. 2021ರ ಏಪ್ರಿಲ್ 27ರಂದು ಅಲ್ಲಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ, ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ತಿಳಿಯುವ ಹಾಗಿಲ್ಲ ಎಂದು ಹೇಳಿತು. ನಮ್ಮಲ್ಲಿ "ಶುಲ್ಕ ಪರಿಷ್ಕರಣೆ" ಎಂದು ಒಂದು ಎಸ್‌ಎಂಎಸ್ ಬರುತ್ತದೆ, ಅದನ್ನು ಆಫರ್ ಮೆಸೇಜು ಎಂದುಕೊಂಡು ಅಳಿಸುತ್ತೇವೆ. ಅಂಥ ತೀರ್ಪು ಇಲ್ಲೂ ಬಂದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ನಮ್ಮ ದೇಶಕ್ಕೆ ವಾಪಸ್ ಬಂದರೆ, ಇಲ್ಲಿ ದಂಡದ ಮೊತ್ತ ಸಣ್ಣದಲ್ಲ. ಸ್ಟೇಟ್ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಮಿನಿಮಂ ಬ್ಯಾಲೆನ್ಸ್ ದಂಡ ಮತ್ತೆ ಶುರು ಮಾಡಿತು. ಮಹಾನಗರಗಳಲ್ಲಿ 5,000 ಇಡಬೇಕಿತ್ತು. ಗಲಾಟೆಯಾದ ಮೇಲೆ 3,000ಕ್ಕೆ ಇಳಿಸಿದರು. ಆ ವರ್ಷದ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ದಂಡದಿಂದಲೇ ಬಂದದ್ದು 1,771 ಕೋಟಿ ರೂಪಾಯಿ. ಆ ನಡುವಿನ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಬ್ಯಾಂಕಿನ ನಿವ್ವಳ ಲಾಭ 1,581 ಕೋಟಿ. ದೇಶದ ಅತಿ ದೊಡ್ಡ ಬ್ಯಾಂಕಿನ ಮೂರು ತಿಂಗಳ ಲಾಭಕ್ಕಿಂತ ದಂಡದ ದುಡ್ಡೇ ಜಾಸ್ತಿ. 2020ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕ್ ಎಲ್ಲ ಉಳಿತಾಯ ಖಾತೆಗೂ ಈ ದಂಡ ತೆಗೆದುಹಾಕಿತು.

ಉಳಿದವರು ಮುಂದುವರಿಸಿದರು. 2023ರ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಈ ಲೆಕ್ಕ ಇದೆ. 2018ರಿಂದ ಈಚೆಗೆ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಸೇರಿ ಮಿನಿಮಂ ಬ್ಯಾಲೆನ್ಸ್ ದಂಡ ಎಂದು 21,044 ಕೋಟಿ, ಹೆಚ್ಚುವರಿ ಎಟಿಎಂ ಬಳಕೆಗೆ 8,289 ಕೋಟಿ, ಎಸ್‌ಎಂಎಸ್‌ಗೆ 6,254 ಕೋಟಿ ತೆಗೆದುಕೊಂಡಿವೆ. ಎಸ್‌ಎಂಎಸ್ ಒಂದಕ್ಕೇ ಆರು ಸಾವಿರ ಕೋಟಿ! ರಿಸರ್ವ್ ಬ್ಯಾಂಕ್ 2013ರಲ್ಲೇ ಎಸ್‌ಎಂಎಸ್‌ಗೆ ಎಷ್ಟು ಬಳಸಿದರೋ ಅಷ್ಟಕ್ಕೇ ಶುಲ್ಕ ಹಾಕಿ ಎಂದು ಬ್ಯಾಂಕುಗಳಿಗೆ ಹೇಳಿದೆ.

ದಂಡಕ್ಕೂ ನಿಯಮ ಇದೆ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ಸರಿಮಾಡಿಕೊಳ್ಳಲು ಒಂದು ತಿಂಗಳಾದರೂ ಕೊಡಬೇಕು. ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ದಂಡ. ದಂಡ ಹಾಕಿ ಹಾಕಿ ಖಾತೆಯನ್ನು ಮೈನಸ್‌ಗೆ ಇಳಿಸುವ ಹಾಗಿಲ್ಲ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ಯಾರಾದರೂ ಕೌಂಟರಿನಲ್ಲಿ "ನಿಮ್ಮ ಖಾತೆ ಮೈನಸ್ 1,400 ಇದೆ, ಅದನ್ನು ಕಟ್ಟಿದರೆ ಮಾತ್ರ ಕ್ಲೋಸ್" ಎಂದರೆ, ಆ ಮೈನಸ್ ಬರೀ ಮಿನಿಮಂ ಬ್ಯಾಲೆನ್ಸ್ ದಂಡದಿಂದ ಆಗಿದೆಯೇ ಎಂದು ಕೇಳಿ.

ಕೊರತೆಗೆ ತಕ್ಕ ದಂಡ ಎನ್ನುವುದು ಕೇಳಲು ನ್ಯಾಯವಾಗಿದೆ. ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಬ್ಯಾಂಕುಗಳು ನೋಡುವುದು ಸಾಮಾನ್ಯವಾಗಿ ತಿಂಗಳ ಸರಾಸರಿ. ಪ್ರತಿ ದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. 10,000 ಇಡಬೇಕಾದ ಖಾತೆ ಎಂದುಕೊಳ್ಳಿ. ಸಂಬಳ ಬಂದ ಮೊದಲ 5 ದಿನ 30,000 ಇತ್ತು. ಬಾಡಿಗೆ, ಸ್ಕೂಲ್ ಫೀಸು ಕಟ್ಟಿದ ಮೇಲೆ 10 ದಿನ 8,000 ಇತ್ತು. ಕೊನೆಯ 15 ದಿನ 2,000. ಒಂದೂವರೆ ಲಕ್ಷ, ಎಂಬತ್ತು ಸಾವಿರ, ಮೂವತ್ತು ಸಾವಿರ ಕೂಡಿದರೆ 2,60,000. ಮೂವತ್ತರಿಂದ ಭಾಗಿಸಿದರೆ 8,667. ಕೊರತೆ 1,333. ದಂಡ ಕೊರತೆಯ 6% ಇದ್ದರೆ 80 ರೂಪಾಯಿ, ಜಿಎಸ್‌ಟಿ ಸೇರಿ 94.40. ಅರ್ಧ ತಿಂಗಳು 2,000 ಮಾತ್ರ ಇದ್ದರೂ ಇಷ್ಟಕ್ಕೇ ಮುಗಿಯಿತು, ಯಾಕೆಂದರೆ ಮೊದಲ ಐದು ದಿನದ ದೊಡ್ಡ ಮೊತ್ತ ಸರಾಸರಿಯನ್ನು ಎತ್ತಿ ಹಿಡಿದಿದೆ. ಇನ್ನೊಂದು ತಮಾಷೆ ಏನೆಂದರೆ, ಯಾರೋ ಒಬ್ಬರು ಒಂದೇ ದಿನ ರಾತ್ರಿ ಮೂರು ಲಕ್ಷ ಇಟ್ಟು ಬೆಳಿಗ್ಗೆ ತೆಗೆದರೂ ಆ ತಿಂಗಳ ಸರಾಸರಿ 10,000 ಆಗಿಬಿಡುತ್ತದೆ. ಉಳಿದ 29 ದಿನ ಖಾತೆ ಬರಿದಾಗಿದ್ದರೂ ದಂಡವಿಲ್ಲ. ಆದರೆ ತಿಂಗಳಿಡೀ ಖಾತೆ ಬರಿದಾಗಿದ್ದವನಿಗೆ? 10,000ದ 6% ಎಂದರೆ 600. ಎಷ್ಟೋ ಕಡೆ 500ಕ್ಕೆ ಮಿತಿ ಇರುತ್ತದೆ, ಜಿಎಸ್‌ಟಿ ಸೇರಿ 590. ಏನೂ ಇಲ್ಲದವನದೇ ಎಲ್ಲರಿಗಿಂತ ದೊಡ್ಡ ಬಿಲ್ಲು.

ಈ ಶುಲ್ಕ ಅದರ ಆಕಾರದಲ್ಲೇ ತಪ್ಪಾಗಿದೆ ಎಂದು ನನಗೆ ಅನಿಸುವುದು ಇದಕ್ಕೇ. ಸೇವೆಗೆ ಬೆಲೆ ಇರಲಿ, ಬೇಡ ಎನ್ನುವುದಿಲ್ಲ. ಹೋಟೆಲಿನಲ್ಲಿ ಬರೀ ಕಾಫಿ ಕುಡಿದು ಎದ್ದವನಿಗೆ "ನೀನು ಊಟ ಮಾಡಲಿಲ್ಲ" ಎಂದು ದಂಡ ಹಾಕುವವರನ್ನು ನಾನು ನೋಡಿಲ್ಲ.

ಒಂದು ಕಾಲದಲ್ಲಿ ಸಣ್ಣ ದುಡ್ಡಿನವರೇ ಬ್ಯಾಂಕಿಗೆ ಬೇಕಿತ್ತು, ಅದೂ ನಮ್ಮ ಕರಾವಳಿಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರುವಾದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬಂದು ಎರಡಾಣೆಯಾದರೂ ಸರಿ, ತಗೊಂಡು ಬರೆದುಕೊಂಡು ಹೋಗುತ್ತಿದ್ದ. ಎರಡಾಣೆಗಾಗಿ ಒಬ್ಬ ಮನುಷ್ಯ ಬಿಸಿಲಲ್ಲಿ ನಡೆದು ಬರುವುದು ಆವತ್ತು ಬ್ಯಾಂಕಿಗೆ ಗಿಟ್ಟುತ್ತಿತ್ತು. ಈಗ ಯಾರೂ ನಡೆದು ಬರಬೇಕಿಲ್ಲ, ಕಂಪ್ಯೂಟರಿನಲ್ಲಿ ಒಂದು ಸಾಲು ಅಷ್ಟೇ. ಅದು ಗಿಟ್ಟುವುದಿಲ್ಲ ಎಂದರೆ ನಂಬಲು ಸ್ವಲ್ಪ ಕಷ್ಟ.

ಆ ಸಿಂಡಿಕೇಟ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಆ ಕೆನರಾ ಬ್ಯಾಂಕೇ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗೂ ಮಿನಿಮಂ ಬ್ಯಾಲೆನ್ಸ್ ದಂಡ ತೆಗೆದುಹಾಕಿತು. ಜುಲೈನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ, ಇಂಡಿಯನ್ ಬ್ಯಾಂಕ್ ಹಿಂದೆಯೇ ಬಂದವು. ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕ್ ಉಲ್ಟಾ ದಿಕ್ಕಿಗೆ ಹೋಯಿತು. ಮಹಾನಗರ, ನಗರಗಳಲ್ಲಿ ಹೊಸದಾಗಿ ಖಾತೆ ತೆರೆಯುವವರು 10,000 ಅಲ್ಲ, 50,000 ಇಡಬೇಕು ಎಂದಿತು. ಊರೆಲ್ಲ ಗುಲ್ಲೆದ್ದಿತು. ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ, ಇದು ಆಯಾ ಬ್ಯಾಂಕಿಗೆ ಬಿಟ್ಟ ವಿಷಯ ಎಂದರು. ಕೆಲವೇ ದಿನದಲ್ಲಿ ಬ್ಯಾಂಕು ತಾನೇ 15,000ಕ್ಕೆ ಇಳಿಸಿತು.

ಒಂದೇ ಮಳೆಗಾಲದಲ್ಲಿ ಎರಡು ದಿಕ್ಕು. ಯಾಕೆ ಎಂದರೆ ಇಬ್ಬರಿಗೂ ಬೇಕಾಗಿರುವುದು ಒಂದೇ, ಕಡಿಮೆ ಬಡ್ಡಿಗೆ ಸಿಗುವ ಉಳಿತಾಯದ ದುಡ್ಡು. ಜನ ಅದನ್ನು ಎಫ್‌ಡಿಗೆ, ಮ್ಯೂಚುವಲ್ ಫಂಡಿಗೆ ಒಯ್ಯುತ್ತಿದ್ದಾರೆ. ಸರ್ಕಾರಿ ಬ್ಯಾಂಕುಗಳು ಬಾಗಿಲು ಅಗಲ ಮಾಡಿ ಸಾವಿರಾರು ಸಣ್ಣ ಖಾತೆಗಳಿಂದ ಅದನ್ನು ಕೂಡಿಸಲು ನೋಡುತ್ತಿವೆ. ಖಾಸಗಿಯವರು ಬಾಗಿಲು ಕಿರಿದು ಮಾಡಿ ದುಡ್ಡಿದ್ದವರನ್ನಷ್ಟೇ ಒಳಗೆ ಬಿಡಲು ನೋಡುತ್ತಾರೆ. ದಂಡದಿಂದ ಬರುವ ದುಡ್ಡಿಗಿಂತ, ಯಾರು ಒಳಗಿರಬೇಕು ಎಂದು ಸೋಸುವುದೇ ಅಲ್ಲಿ ಮುಖ್ಯ ಎಂದು ನನ್ನ ಅಂದಾಜು.

ಬೆಂಗಳೂರಿನಲ್ಲಿ ಕೆಲಸ ಮಾಡುವವರು ಬೀಳುವ ಗುಂಡಿ ಬೇರೆ. ಒಂದೊಂದು ಕಂಪನಿಗೂ ಒಂದೊಂದು ಬ್ಯಾಂಕಿನ ಸಂಬಳದ ಖಾತೆ. ಸಂಬಳ ಬೀಳುತ್ತಿರುವಷ್ಟು ದಿನ ಅದು ಝೀರೋ ಬ್ಯಾಲೆನ್ಸ್. ಕೆಲಸ ಬಿಟ್ಟು ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬರದಿದ್ದರೆ ಸದ್ದಿಲ್ಲದೆ ಮಾಮೂಲಿ ಖಾತೆಯಾಗುತ್ತದೆ, ಅಲ್ಲಿಂದ ಮಿನಿಮಂ ಬ್ಯಾಲೆನ್ಸ್ ಶುರು. ನನ್ನದೇ ಒಂದು ಹಳೆಯ ಖಾತೆಯಲ್ಲಿ 2,300 ರೂಪಾಯಿ ಬಿಟ್ಟು ಮರೆತಿದ್ದೆ. ಒಂದೂವರೆ ವರ್ಷ ಬಿಟ್ಟು ನೋಡಿದರೆ ಸೊನ್ನೆ. ಬ್ಯಾಂಕು ಮೆಸೇಜು ಕಳಿಸಿತ್ತಂತೆ, ನಾನು ಬಿಟ್ಟಿದ್ದ ಹಳೆಯ ನಂಬರಿಗೆ. ಎರಡು ವರ್ಷ ದಾಟಿ ನಿಷ್ಕ್ರಿಯ ಎಂದಾದ ಖಾತೆಗೆ ಈ ದಂಡ ಹಾಕುವ ಹಾಗಿಲ್ಲ, ಮತ್ತೆ ಚಾಲೂ ಮಾಡಲೂ ಶುಲ್ಕ ಕೇಳುವ ಹಾಗಿಲ್ಲ, 2024ರ ಏಪ್ರಿಲ್‌ನಿಂದ ನಿಯಮ ಹೀಗಿದೆ. ಆದರೆ ಆ ಎರಡು ವರ್ಷದೊಳಗೆ ಖಾಲಿಯಾಗಿಬಿಟ್ಟರೆ ನಿಯಮ ಕಟ್ಟಿಕೊಂಡು ಏನು ಮಾಡುವುದು? ಕೆಲಸ ಬಿಡುವ ವಾರವೇ ಖಾತೆ ಮುಚ್ಚಿ. ವರ್ಷ ದಾಟಿದ ಖಾತೆ ಮುಚ್ಚಲು ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ.

ಚಿಕ್ಕಮ್ಮನಂಥವರಿಗೆ ಇರುವ ದಾರಿ ಬೇಸಿಕ್ ಸೇವಿಂಗ್ಸ್ ಖಾತೆ. ರಿಸರ್ವ್ ಬ್ಯಾಂಕ್ 2012ರಿಂದಲೇ ಎಲ್ಲ ಬ್ಯಾಂಕುಗಳೂ ಇದನ್ನು ಕೊಡಬೇಕು ಎಂದಿದೆ. 2014ರಲ್ಲಿ ಬಂದ ಜನಧನ ಖಾತೆಯೂ ಇದೇ ಜಾತಿಯದು. ಮಿನಿಮಂ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡು ಉಚಿತ. ಎಷ್ಟು ಸಲ ಬೇಕಾದರೂ ದುಡ್ಡು ಹಾಕಬಹುದು. ತಿಂಗಳಿಗೆ ಕಡೇಪಕ್ಷ ನಾಲ್ಕು ಸಲ ತೆಗೆಯುವುದು ಉಚಿತ. ಬಡವರಿಗೆ ಮಾತ್ರ ಎಂದೇನಿಲ್ಲ, ಯಾರು ಬೇಕಾದರೂ ಕೇಳಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಇದ್ದರೆ ಮೂವತ್ತು ದಿನದೊಳಗೆ ಮುಚ್ಚಬೇಕು. ಈಗಿರುವ ಖಾತೆಯನ್ನೇ ಬೇಸಿಕ್ ಆಗಿ ಬದಲಾಯಿಸಿ ಎಂದು ಬರೆದುಕೊಟ್ಟರೂ ಆಗುತ್ತದೆ.

ಇಲ್ಲೂ ಎಡವಟ್ಟು ನಡೆದಿದೆ. ಸ್ಟೇಟ್ ಬ್ಯಾಂಕ್ ಸುಮಾರು 12 ಕೋಟಿ ಬೇಸಿಕ್ ಖಾತೆಗಳಲ್ಲಿ ನಾಲ್ಕು ಸಲ ದಾಟಿದ ಪ್ರತಿ ವ್ಯವಹಾರಕ್ಕೂ 17.70 ಕತ್ತರಿಸಿತ್ತು, ಡಿಜಿಟಲ್ ಪಾವತಿಯನ್ನೂ ಬಿಡದೆ. 2015ರಿಂದ 2020ರವರೆಗೆ ಹೀಗೆ 300 ಕೋಟಿಗೂ ಜಾಸ್ತಿ ಸಂಗ್ರಹವಾಗಿದೆ ಎಂದು ಐಐಟಿ ಬಾಂಬೆಯ ಅಧ್ಯಯನ ಲೆಕ್ಕ ಹಾಕಿತು. 2020ರ ಆಗಸ್ಟ್‌ನಲ್ಲಿ ನೇರ ತೆರಿಗೆ ಮಂಡಳಿ, ಆ ವರ್ಷದ ಜನವರಿ 1ರಿಂದ ಯುಪಿಐ, ರೂಪೇ ಮೇಲೆ ಬ್ಯಾಂಕುಗಳು ತೆಗೆದುಕೊಂಡ ಶುಲ್ಕ ವಾಪಸ್ ಮಾಡಿ ಎಂದಿತು. ಹತ್ತು ರೂಪಾಯಿಯ ಟೀಗೆ ಸ್ಕ್ಯಾನ್ ಮಾಡಿ 17.70 ಶುಲ್ಕ ತೆತ್ತವರು ಎಷ್ಟು ಮಂದಿಯೋ.

ತಪ್ಪಾಗಿ ಕಟ್ ಆಗಿದೆ ಎನಿಸಿದರೆ ಮೊದಲು ಬ್ಯಾಂಕಿಗೆ ಬರೆದೇ ಕೊಡಿ, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿ ಕಾಣದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಡ. ಹೇಗೆ ಎಂದು ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಹಬ್ಬ ಮುಗಿದ ಸೋಮವಾರ ಚಿಕ್ಕಮ್ಮನನ್ನು ಕರೆದುಕೊಂಡು ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು, ಆದರೆ ಮೊದಲು ಒಪ್ಪಲಿಲ್ಲ. "ಬೇಸಿಕ್ ಮಾಡಿದ್ರೆ ಚೆಕ್ ಬುಕ್ ಬರಲ್ಲ ಆಂಟಿ" ಎಂದಳು. "ನಾನ್ಯಾರಿಗೆ ಚೆಕ್ ಬರೀಲವ್ವ, ಗುಂಡಿ ಕಾಜ ಮಾಡೋಳಿಗಾ?" ಎಂದರು ಚಿಕ್ಕಮ್ಮ. ಹುಡುಗಿ ನಕ್ಕು ಫಾರಂ ಕೊಟ್ಟಳು. 20 ರೂಪಾಯಿಯ ವಿಮೆ ಇರಲಿ, 436ರದ್ದೂ ಇರಲಿ ಎಂದು ಚಿಕ್ಕಮ್ಮನೇ ತೀರ್ಮಾನಿಸಿದರು. ಯಾಕೆ ಕಟ್ ಆಗುತ್ತದೆ ಎಂದು ಗೊತ್ತಾದ ಮೇಲೆ ಅದರ ಮೇಲೆ ಅವರಿಗೆ ಸಿಟ್ಟಿರಲಿಲ್ಲ.

ಜನವರಿಯಲ್ಲಿ ಮತ್ತೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಫೋಟೋ ಕಳಿಸಿದರು, ಹಿಂದೆಯೇ ಫೋನು. 35.40 ಎಲ್ಲೂ ಇರಲಿಲ್ಲ. ಚಿಕ್ಕಮ್ಮನಿಗೆ ಅನುಮಾನ ಬಂದದ್ದು ಕೊನೆಯ ಸಾಲಿನ ಮೇಲೆ. "ಇಲ್ಲಿ ಆರು ರೂಪಾಯಿ ಜಾಸ್ತಿ ಹಾಕವ್ರೆ ಕಣಪ್ಪ, ಇದ್ಯಾಕೆ?"

ಅದು ಬಡ್ಡಿ ಎಂದೆ.